ಸಿಕ್ಕಿದ್ದು ಯಾರಿಗೆ, ಪಡೆದದ್ದು ಯಾರು: ‘ಗೆಟ್’ ಕ್ರಿಯಾಪದದ ಸುತ್ತ ಒಂದಿಷ್ಟು ಮಾತು

(ಭಾಷಾಂತರದ ಬಗ್ಗೆ ಆಸಕ್ತಿಯಿದ್ದವರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ.)

ಮೊದಲು ಒಬ್ಬ ಮನುಷ್ಯನ ಒಂದು ದಿನದ ಕಥೆ ಕೇಳಿ. ಕಥೆ ಇಂಗ್ಲಿಷಿನದು, ಹೇಳುತ್ತಿರುವವನು ಅವನೇ.

‘ಐ ಗಾಟ್ ಅಪ್ ಲೇಟ್. ಐ ಗಾಟ್ ಡ್ರೆಸ್ಡ್, ಗಾಟ್ ಆನ್ ದ ಬಸ್, ಗಾಟ್ ವೆಟ್, ಗಾಟ್ ಟು ದ ಆಫೀಸ್ ಅಟ್ ಇಲೆವೆನ್ ಅಂಡ್ ಗಾಟ್ ಶೌಟೆಡ್ ಅಟ್. ಐ ಗಾಟ್ ಆಂಗ್ರಿ. ಬೈ ಈವ್ನಿಂಗ್ ಐ ಗಾಟ್ ಅ ಫೀವರ್. ಐ ಗಾಟ್ ಮೈ ಬ್ರದರ್ ಟು ಗೆಟ್ ಮಿ ಸಮ್ ಟ್ಯಾಬ್ಲೆಟ್ಸ್. ಐ ಹ್ಯಾವ್ ಗಾಟ್ ಟು ಗೆಟ್ ಸಮ್ ಸ್ಲೀಪ್.’

ಎಣಿಸಿದರೆ 12 ಸಲ ‘ಗೆಟ್’ ಬಂದಿದೆ. ಕಥೆ ನಾನೇ ಕಟ್ಟಿದ್ದು, ಸ್ವಲ್ಪ ಒತ್ತಿ ತುಂಬಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ವಾಕ್ಯವೂ ಕೃತಕವಲ್ಲ. ಇಂಗ್ಲಿಷ್ ಮನೆಮಾತಾಗಿರುವವರು ದಿನನಿತ್ಯ ಆಡುವಂಥದ್ದೇ. ಈಗ ಅದೇ ಮನುಷ್ಯ ಕನ್ನಡದವನಾಗಿದ್ದರೆ ಏನೆನ್ನುತ್ತಿದ್ದ?

‘ಏಳುವಾಗಲೇ ತಡವಾಯ್ತು. ಬಟ್ಟೆ ಹಾಕಿಕೊಂಡೆ, ಬಸ್ಸು ಹತ್ತಿದೆ, ನೆನೆದೆ, ಹನ್ನೊಂದಕ್ಕೆ ಆಫೀಸು ಮುಟ್ಟಿ ಬೈಸಿಕೊಂಡೆ. ಸಿಟ್ಟು ಬಂತು. ಸಂಜೆ ಹೊತ್ತಿಗೆ ಜ್ವರವೂ ಬಂತು. ತಮ್ಮನ ಕೈಲಿ ಮಾತ್ರೆ ತರಿಸಿಕೊಂಡೆ. ಇನ್ನು ಸ್ವಲ್ಪ ನಿದ್ದೆ ಮಾಡಲೇಬೇಕು.’

ಇಲ್ಲಿ ಎರಡು ಸಂಗತಿ ನೋಡಿ. ಒಂದು, ‘ತರಿಸಿಕೊಂಡೆ’ ಎಂಬ ಒಂದೇ ಪದ ಎರಡು ‘ಗೆಟ್’ಗಳನ್ನು ನುಂಗಿಬಿಟ್ಟಿದೆ: ತಮ್ಮನನ್ನು ಹೊರಡಿಸಿದ ‘ಗೆಟ್’, ಮಾತ್ರೆ ತಂದುಕೊಟ್ಟ ‘ಗೆಟ್’. ಎರಡನೆಯದು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಇಂಗ್ಲಿಷಿನ ಆಸಾಮಿ ಎಲ್ಲ ಕಡೆಯೂ ‘ಐ’ ಎಂದು ಮುಂದೆ ನಿಂತಿದ್ದಾನೆ. ಸಿಟ್ಟನ್ನೂ ಜ್ವರವನ್ನೂ ತಾನೇ ಹೋಗಿ ತಂದಹಾಗೆ ಮಾತಾಡುತ್ತಾನೆ. ಕನ್ನಡದವನು ಸಿಟ್ಟು ಬಂದಾಗ, ಜ್ವರ ಬಂದಾಗ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಕರ್ತೃ ಸಿಟ್ಟು, ಕರ್ತೃ ಜ್ವರ. ಇವನದೇನಿದ್ದರೂ ಚತುರ್ಥಿ ವಿಭಕ್ತಿ: ‘ನನಗೆ’. ಅದನ್ನೂ ಬಿಟ್ಟರೂ ನಡೆಯುತ್ತದೆ.

ಇವತ್ತು ನಾನು ಮತ್ತೆ ಮತ್ತೆ ಬರುವುದು ಈ ಎರಡನೆಯ ಸಂಗತಿಗೇ.

ನಿಘಂಟಿನ ಲೆಕ್ಕವನ್ನು ಬೇಗ ಮುಗಿಸಿಬಿಡುತ್ತೇನೆ, ಯಾಕೆಂದರೆ ಇಂಥ ಉಪನ್ಯಾಸಗಳಲ್ಲಿ ಎಲ್ಲರೂ ಅದಕ್ಕೇ ಕಾಯುತ್ತಿರುತ್ತಾರೆ. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನ ಮೊದಲ ಕಂತು ಹೊರಬಂದದ್ದು 1884ರಲ್ಲಿ, ಕೊನೆಯದು 1928ರಲ್ಲಿ. 1989ರ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’ ಕ್ರಿಯಾಪದದ್ದು, 430 ಅರ್ಥಗಳು. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ 645 ಅರ್ಥಗಳು. ಒಬ್ಬ ನಿಘಂಟುಕಾರರು ಆ ಒಂದು ಪದದ ಮೇಲೆ ಒಂಬತ್ತು ತಿಂಗಳು ಕೂತರಂತೆ. ನಮ್ಮ ‘ಗೆಟ್’ ಈ ಓಟದಲ್ಲಿ ಮೊದಲನೆಯದಲ್ಲ. ಆದರೆ 645 ಎನ್ನುವುದು ನಿಘಂಟುಕಾರನ ಕತ್ತರಿ ಎಷ್ಟು ಸಣ್ಣಗೆ ಕತ್ತರಿಸಿತು ಎಂಬುದರ ಲೆಕ್ಕವೂ ಹೌದು. ಮಾತಾಡುವವನ ತಲೆಯಲ್ಲಿ 645 ಗೂಡುಗಳಿರುವುದಿಲ್ಲ.

‘ಗೆಟ್’ ಇಂಗ್ಲಿಷಿನ ಸ್ವಂತ ಆಸ್ತಿಯಲ್ಲ, ಹಡಗು ಹತ್ತಿ ಬಂದದ್ದು. 793ರಲ್ಲಿ ಸ್ಕ್ಯಾಂಡಿನೇವಿಯದ ಕಡಲ ದಾಳಿಕೋರರಾದ ವೈಕಿಂಗರು ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಎಂಬ ದ್ವೀಪದ ಮಠವನ್ನು ಸೂರೆ ಮಾಡಿದರು. 865ರಲ್ಲಿ ದೊಡ್ಡ ಸೇನೆಯೇ ಬಂತು, ಅದರಲ್ಲಿ ಬಹಳ ಜನ ನೆಲೆಯೂರಿದರು. ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ಎರಡು ಭಾಷೆಯ ಜನ ಅಕ್ಕಪಕ್ಕ ಬದುಕಿದರು, ಮದುವೆಯಾದರು, ಜಗಳವಾಡಿದರು. ಆ ಬೆರಕೆಯಿಂದ ಇಂಗ್ಲಿಷಿಗೆ ಬಂದ ಪದಗಳನ್ನು ನೋಡಿ: ಸ್ಕೈ, ಲಾ, ವಿಂಡೋ, ಟೇಕ್, ಕೊನೆಗೆ ‘ದೇ’ ಎಂಬ ಸರ್ವನಾಮವೂ. ಒಂದು ಭಾಷೆ ಇನ್ನೊಂದರಿಂದ ನಾಮಪದ ತರುವುದು ಸಾಮಾನ್ಯ. ‘ಅವರು’ ಎನ್ನುವುದಕ್ಕೂ ಪದ ತಂದಿದೆಯೆಂದರೆ ಬಳಕೆ ಎಷ್ಟು ಹತ್ತಿರದ್ದಿರಬೇಕು! ‘ಗೆಟ್’ ಕೂಡ ಆ ಗುಂಪಿನದೇ. ವೈಕಿಂಗರು ಆಡುತ್ತಿದ್ದ ಹಳೆಯ ನಾರ್ಸ್ ಭಾಷೆಯ ‘ಗೆಟ’ ಅದರ ಮೂಲ. ಗಳಿಸು, ಮುಟ್ಟು, ಹುಟ್ಟಿಸು, ಊಹಿಸು, ಎಲ್ಲವೂ ಅಲ್ಲೇ ಇದ್ದವು.

ಹಾಗಂತ ಇಂಗ್ಲಿಷಿನಲ್ಲಿ ಇದರ ದಾಯಾದಿಗಳು ಇರಲಿಲ್ಲವೆಂದಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದೇ ಬೇರಿನ ಕ್ರಿಯಾಪದ ಉಪಸರ್ಗ ಅಂಟಿಸಿಕೊಂಡು ಓಡಾಡುತ್ತಿತ್ತು. ‘ಬಿ’ ಸೇರಿದರೆ ಗಳಿಸು, ಹುಟ್ಟಿಸು. ಅದು ಇಂದಿನ ‘ಬಿಗೆಟ್’. ‘ಫಾರ್’ ಸೇರಿದರೆ ಹಿಡಿತ ತಪ್ಪು, ಕೈಬಿಡು. ಅದು ಇಂದಿನ ‘ಫರ್ಗೆಟ್’. ಅಂದರೆ ಇಂಗ್ಲಿಷಿನಲ್ಲಿ ಮರೆಯುವುದೆಂದರೆ ಮನಸ್ಸಿನ ಕೈಯಿಂದ ಜಾರಿಸುವುದು. ‘ಆನ್’ ಸೇರಿದರೆ ಗ್ರಹಿಸು, ಅರ್ಥಮಾಡಿಕೊ, ಅದು ಸತ್ತುಹೋಯಿತು. ತಮಾಷೆಯೆಂದರೆ ನೂರಾರು ವರ್ಷ ಕಳೆದ ಮೇಲೆ ‘ಐ ಗೆಟ್ ಇಟ್’ ಎಂದು ಆ ಅರ್ಥ ತಾನೇ ತಾನಾಗಿ ಮತ್ತೆ ಹುಟ್ಟಿತು. ಹಿಡಿಯುವುದಕ್ಕೂ ತಿಳಿಯುವುದಕ್ಕೂ ಅಷ್ಟು ಹತ್ತಿರ. ಇದೇ ದೂರದ ಬೇರಿನಿಂದ ಬಂದ ಲ್ಯಾಟಿನ್ನಿನ ಇನ್ನೊಂದು ಕವಲು ‘ಕಾಂಪ್ರಿಹೆಂಡ್’ ಆಯಿತು, ಮತ್ತೊಂದು ‘ಪ್ರಿಸನ್’ ಆಯಿತು. ಹಿಡಿದದ್ದು ವಿಷಯವಾದರೆ ಅರಿವು, ಮನುಷ್ಯನಾದರೆ ಸೆರೆಮನೆ. ನಮ್ಮ ‘ಗ್ರಹಿಸು’ ಬೇರೆ ಬೇರಿನದು, ಆದರೆ ಅದೂ ಕೈಯಿಂದಲೇ ತಲೆಗೆ ಹತ್ತಿದ ಪದ.

ಇಲ್ಲಿ ಉಚ್ಚಾರಣೆಯ ಒಂದು ಸಣ್ಣ ಸುಳಿವಿದೆ. ಹಳೆಯ ಇಂಗ್ಲಿಷಿನಲ್ಲಿ ಇಕಾರ, ಎಕಾರಗಳ ಮುಂದೆ ಗಕಾರ ಕರಗಿ ಯಕಾರವಾಗುತ್ತಿತ್ತು. ‘ಯೀಲ್ಡ್’, ‘ಯೆಲ್ಲೋ’ ಹಾಗೆ ಆದವು. ಆ ಲೆಕ್ಕದಲ್ಲಿ ‘ಗೆಟ್’ ಇಂದು ‘ಯೆಟ್’ ಆಗಬೇಕಿತ್ತು, ‘ಗಿವ್’ ಎನ್ನುವುದು ‘ಯಿವ್’ ಆಗಬೇಕಿತ್ತು. ಗಟ್ಟಿ ಗಕಾರ ಉಳಿದದ್ದು ನಾರ್ಸ್ ನಾಲಿಗೆಯ ಪ್ರಭಾವದಿಂದ. ಪಡೆಯುವುದು, ಕೊಡುವುದು, ಎರಡರ ಮೇಲೂ ವೈಕಿಂಗರ ಮುದ್ರೆ! ಮೊಟ್ಟೆಯ ಕಥೆಯೂ ಇದೇ. ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1490ರ ಒಂದು ಮುನ್ನುಡಿಯಲ್ಲಿ ಬರೆದಿದ್ದಾನೆ. ಥೇಮ್ಸ್ ನದಿಯಲ್ಲಿ ಗಾಳಿಯಿಲ್ಲದೆ ಹಡಗು ನಿಂತು, ವ್ಯಾಪಾರಿಗಳು ದಡಕ್ಕಿಳಿದು, ಒಬ್ಬ ಹೋಗಿ ಮನೆಯೊಡತಿಯನ್ನು ‘ಎಗ್ಸ್’ ಕೇಳಿದ. ಆಕೆ ‘ನನಗೆ ಫ್ರೆಂಚ್ ಬರುವುದಿಲ್ಲ’ ಎಂದಳು. ಅವನಿಗೆ ಸಿಟ್ಟು ಬಂತು. ಫ್ರೆಂಚ್ ಅವನಿಗೂ ಬರುತ್ತಿರಲಿಲ್ಲ. ಇನ್ನೊಬ್ಬ ‘ಐರೆನ್’ ಬೇಕು ಎಂದಮೇಲೆ ಆಕೆಗೆ ತಿಳಿಯಿತು. ‘ಐರೆನ್’ ಹಳೆಯ ಇಂಗ್ಲಿಷಿನ ಕೂಸು, ‘ಎಗ್’ ನಾರ್ಸಿನಿಂದ ಬಂದದ್ದು. ಬಂದದ್ದೇ ಗೆದ್ದಿತು.

ಸರಿ, ನಮ್ಮ ಭಾಷಾಂತರದ ಮೇಜಿಗೆ ಬರೋಣ.

‘ಗೆಟ್’ ಎನ್ನುವುದಕ್ಕೆ ಒಂದೇ ತಿರುಳಿದೆಯೇ ಎಂದು ಕೇಳಿದರೆ, ಇದೆ ಎನ್ನುತ್ತೇನೆ: ಇಲ್ಲದ ಕಡೆಯಿಂದ ಇರುವ ಕಡೆಗೆ ದಾಟುವುದು. ‘ಹ್ಯಾವ್’ ಎಂದರೆ ಇರುವುದು, ‘ಗೆಟ್’ ಎಂದರೆ ಇರುವಂತಾಗುವುದು. ದಾಟಿ ಮುಟ್ಟಿದ್ದು ವಸ್ತುವಾಗಿರಬಹುದು, ಊರಾಗಿರಬಹುದು, ಒಂದು ಸ್ಥಿತಿಯಾಗಿರಬಹುದು. ವಸ್ತುವಾದರೆ ಗಳಿಕೆ, ಊರಾದರೆ ತಲುಪುವಿಕೆ, ಸ್ಥಿತಿಯಾದರೆ ಆಗುವಿಕೆ. ಮೂರಕ್ಕೂ ಇಂಗ್ಲಿಷಿನಲ್ಲಿ ದಾಟುವವನು ಮನುಷ್ಯನೇ. ಕನ್ನಡದಲ್ಲಿ ಊರಿಗೆ ಮಾತ್ರ ನಾವು ಹೋಗುತ್ತೇವೆ. ಉಳಿದದ್ದು ಹೆಚ್ಚಾಗಿ ನಮ್ಮ ಕಡೆಗೆ ಬರುತ್ತದೆ.

‘ಸಿಗು’ ಎಂಬ ಪದವನ್ನೇ ತೆಗೆದುಕೊಳ್ಳಿ. ‘ನನಗೆ ಕೆಲಸ ಸಿಕ್ಕಿತು.’ ಕರ್ತೃ ಯಾರು? ಕೆಲಸ. ‘ಪುಸ್ತಕ ಸಿಕ್ಕಿತು’, ‘ದಾರಿಯಲ್ಲಿ ಗೆಳೆಯ ಸಿಕ್ಕಿದ’, ‘ಕಳ್ಳ ಸಿಕ್ಕಿದ’. ಎಲ್ಲ ಕಡೆಯೂ ಸಿಕ್ಕಿದ ವಸ್ತುವೋ ವ್ಯಕ್ತಿಯೋ ಮುಂದೆ, ಸಿಕ್ಕಿಸಿಕೊಂಡವನು ಹಿಂದೆ. ‘ಗೆಟ್’ ಮತ್ತು ‘ಸಿಗು’ ಒಂದೇ ಘಟನೆಯನ್ನು ಎದುರು ಬದುರು ನಿಂತು ನೋಡುತ್ತವೆ. ಕನ್ನಡಿಯಲ್ಲಿ ಎಡಗೈ ಬಲಗೈ ಆದಂತೆ. ಇದು ವ್ಯಾಕರಣದ ಮಾತಷ್ಟೇ. ಇದರಿಂದ ಕನ್ನಡಿಗರು ವಿನಯವಂತರೆಂದೋ ಇಂಗ್ಲಿಷರು ಅಹಂಕಾರಿಗಳೆಂದೋ ಯಾರಾದರೂ ತೀರ್ಮಾನಿಸಿದರೆ ನಾನು ಜವಾಬ್ದಾರನಲ್ಲ. ‘ನಾನು’ ಎಂದು ಎದೆ ತಟ್ಟಿಕೊಳ್ಳುವುದಕ್ಕೆ ಕನ್ನಡದಲ್ಲೂ ಪದಗಳಿಗೇನು ಬರವಿಲ್ಲ.

ಭಾಷಾಂತರದಲ್ಲಿ ಮಾತ್ರ ಇದು ಪೆಟ್ಟು ಕೊಡುತ್ತದೆ. ಇಂಗ್ಲಿಷಿನ ವಾಕ್ಯವನ್ನು ಮುಂದಿಟ್ಟುಕೊಂಡಾಗ ‘ಐ’ ಕಣ್ಣಿಗೆ ಕಾಣುತ್ತದೆ, ಅದನ್ನು ‘ನಾನು’ ಎಂದು ಬರೆದುಬಿಡುತ್ತೇವೆ. ‘ನಾನು’ ಎಂದು ಶುರುಮಾಡಿದ ಮೇಲೆ ‘ಸಿಕ್ಕಿತು’ ಎನ್ನಲಾಗದು. ಹಾಗಾಗಿ ‘ಪಡೆದೆನು’ ಬರುತ್ತದೆ. ಹೀಗೆಯೇ ‘ಹೊಂದಿದ್ದೇನೆ’ ಬರುತ್ತದೆ. ‘ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ’, ‘ಆಟಗಾರ ಗಾಯವನ್ನು ಪಡೆದರು’, ‘ನಾವು ಸಂತೋಷವನ್ನು ಹೊಂದಿದೆವು’. ಇಂಥ ವಾಕ್ಯಗಳು ಈಗ ಎಷ್ಟು ಹರಡಿವೆಯೆಂದರೆ ತಪ್ಪೆಂದು ಹೇಳಿದರೆ ‘ಏನು ತಪ್ಪು?’ ಎನ್ನುತ್ತಾರೆ. ಪದಗಳು ಕನ್ನಡದವೇ. ಬೆನ್ನೆಲುಬು ಬೇರೆಯದು. ಕನ್ನಡದಲ್ಲಿ ‘ಹ್ಯಾವ್’ ಎಂಬ ಕ್ರಿಯಾಪದವೇ ಇಲ್ಲ. ‘ಇರು’ ಒಂದರಿಂದಲೇ ನಿಭಾಯಿಸುತ್ತೇವೆ. ಅವರಿಗೆ ಇಬ್ಬರು ಮಕ್ಕಳಿದ್ದಾರೆ, ನನ್ನ ಹತ್ತಿರ ಪೆನ್ನಿದೆ, ಅವಳಿಗೆ ಧೈರ್ಯವಿದೆ. ನಾನೂ ಮೊದಮೊದಲು ಪುಟಕ್ಕೆ ಹತ್ತು ‘ಪಡೆದು’ಗಳನ್ನು ಸುರಿದವನೇ. ಈಗ ಕರಡು ಮುಗಿದ ಮೇಲೆ ‘ಪಡೆ’, ‘ಹೊಂದು’ ಎರಡನ್ನೂ ಹುಡುಕಿ, ಒಂದೊಂದನ್ನೂ ತಡೆದು ‘ನೀನು ಇಲ್ಲಿ ಯಾಕಿದ್ದೀಯ?’ ಎಂದು ಕೇಳುತ್ತೇನೆ. ಹೆಚ್ಚಿನವಕ್ಕೆ ಉತ್ತರ ಇರುವುದಿಲ್ಲ.

ಇನ್ನು ನನಗೆ ತುಂಬ ಇಷ್ಟವಾದ ಭಾಗ. ‘ಹಿ ವಾಸ್ ಅರೆಸ್ಟೆಡ್’, ‘ಹಿ ಗಾಟ್ ಅರೆಸ್ಟೆಡ್’. ಎರಡೂ ಕರ್ಮಣಿ ಪ್ರಯೋಗವೇ. ವ್ಯತ್ಯಾಸ ಏನು? ಮೊದಲನೆಯದು ವರದಿ. ಎರಡನೆಯದರಲ್ಲಿ ಪಕ್ಕದ ಮನೆಯವರ ದನಿಯಿದೆ: ಇವನೂ ಏನೋ ಮಾಡಿಕೊಂಡಿರಬೇಕು, ಅಥವಾ ಪಾಪ, ಅವನ ಗ್ರಹಚಾರ. ಒಳ್ಳೆಯದೋ ಕೆಟ್ಟದ್ದೋ ಅವನ ತಲೆಗೆ ಬಂದು ತಗುಲಿಕೊಂಡಿತು ಎಂಬ ಧ್ವನಿ ಈ ‘ಗೆಟ್’ಗೆ ಇದೆ. ಅದಕ್ಕೇ ‘ಗಾಟ್ ಫೈರ್ಡ್’, ‘ಗಾಟ್ ಪ್ರಮೋಟೆಡ್’ ಎರಡೂ ಸಹಜ. ‘ಸೇತುವೆ 1900ರಲ್ಲಿ ಕಟ್ಟಲ್ಪಟ್ಟಿತು’ ಎಂಬ ತಟಸ್ಥ ಮಾತಿಗೆ ‘ಗೆಟ್’ ಒಗ್ಗುವುದಿಲ್ಲ. ಇನ್ನೊಂದು ಉಪಯೋಗವೂ ಇದೆ. ‘ದ ವಿಂಡೋ ವಾಸ್ ಬ್ರೋಕನ್’ ಎಂದರೆ ಕಿಟಕಿ ಆಗಲೇ ಒಡೆದಿತ್ತೋ, ಆಗ ಒಡೆಯಿತೋ ಗೊತ್ತಾಗುವುದಿಲ್ಲ. ‘ಗಾಟ್ ಬ್ರೋಕನ್’ ಎಂದರೆ ಘಟನೆ ನಡೆಯಿತು ಎಂಬುದು ಖಚಿತ.

ಕನ್ನಡದ ವ್ಯಾಕರಣ ಪುಸ್ತಕ ಕರ್ಮಣಿಗೆ ‘ಅಲ್ಪಡು’ ಹೇಳಿಕೊಡುತ್ತದೆ. ‘ಅವನು ಬೈಯಲ್ಪಟ್ಟನು’ ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ್ದನ್ನು ನೀವು ಕೇಳಿದ್ದೀರಾ? ನಾವು ಹೇಳುವುದು ‘ಬೈಸಿಕೊಂಡ’. ನಾಯಿ ಕೈಲಿ ಕಚ್ಚಿಸಿಕೊಂಡ, ಮೇಷ್ಟ್ರ ಕೈಲಿ ಹೊಡೆಸಿಕೊಂಡ, ಊರೆಲ್ಲ ಹೊಗಳಿಸಿಕೊಂಡ. ಇದಕ್ಕಿಂತ ಚೆನ್ನಾಗಿ ‘ಗೆಟ್’ ಕರ್ಮಣಿಯನ್ನು ಕನ್ನಡಕ್ಕೆ ತರುವ ದಾರಿ ನನಗಂತೂ ಗೊತ್ತಿಲ್ಲ. ‘ಅವನನ್ನು ಬೈದರು’ ಎನ್ನುವುದಕ್ಕೂ ‘ಅವನು ಬೈಸಿಕೊಂಡ’ ಎನ್ನುವುದಕ್ಕೂ ಇರುವ ವ್ಯತ್ಯಾಸ, ಆ ಎರಡು ‘ಅರೆಸ್ಟ್’ಗಳ ನಡುವಿನ ವ್ಯತ್ಯಾಸವೇ. ನಾಯಿಗೆ ‘ಬಾ, ಕಚ್ಚು’ ಎಂದು ಯಾರೂ ಹೇಳಿರುವುದಿಲ್ಲ. ಆದರೂ ವ್ಯಾಕರಣ ಕಚ್ಚಿಸಿಕೊಂಡವನ ಮೇಲೆ ಒಂದು ಎಳೆ ಹೊಣೆ ಹೊರಿಸುತ್ತದೆ. ಹೊಣೆ ಬೇಡವೆನಿಸಿದರೆ ‘ಏಟು ತಿಂದ’ ಇದೆ. ‘ಸಿಕ್ಕಿಬಿದ್ದ’ ಇದೆ, ಅದು ‘ಗಾಟ್ ಕಾಟ್’ಗೆ ಅಳತೆ ತೆಗೆದು ಹೊಲಿದಂತಿದೆ.

ಮಾಡಿಸುವುದರ ವಿಷಯದಲ್ಲಿ ಇಂಗ್ಲಿಷ್ ಮೂರು ಮೆಟ್ಟಿಲು ಇಟ್ಟಿದೆ. ‘ಮೇಕ್ ಹಿಮ್ ಡೂ’ ಎಂದರೆ ಬಲವಂತ. ‘ಹ್ಯಾವ್ ಹಿಮ್ ಡೂ’ ಎಂದರೆ ಹೇಳುವ ಅಧಿಕಾರ ನನಗಿದೆ, ಹೇಳಿದೆ, ಮಾಡಿದ. ‘ಗೆಟ್ ಹಿಮ್ ಟು ಡೂ’ ಎಂದರೆ ಸ್ವಲ್ಪ ಹೆಣಗಬೇಕಾಯಿತು, ಒಲಿಸಬೇಕಾಯಿತು. ಗಮನಿಸಿ, ‘ಗೆಟ್’ ಬಂದಾಗ ಮಾತ್ರ ನಡುವೆ ಒಂದು ‘ಟು’ ಬರುತ್ತದೆ, ಹೆಣಗಾಟದ ದೂರವನ್ನು ಅಳೆಯಲಿಕ್ಕೋ ಎಂಬಂತೆ. ಕನ್ನಡದಲ್ಲಿ ಮೂರಕ್ಕೂ ‘ಮಾಡಿಸಿದೆ’. ಬಣ್ಣ ಬೇಕಾದರೆ ಹಿಂದೆ ಸೇರಿಸಬೇಕು: ಹೆದರಿಸಿ ಮಾಡಿಸಿದೆ, ಹೇಳಿ ಮಾಡಿಸಿದೆ, ಕಾಡಿ ಬೇಡಿ ಮಾಡಿಸಿದೆ. ‘ಗೆಟ್’ ಇದ್ದಲ್ಲಿ ಆ ‘ಕಾಡಿ ಬೇಡಿ’ಯನ್ನು ಬಿಟ್ಟರೆ ಪಾತ್ರವೇ ಬದಲಾಗುತ್ತದೆ, ಮಗಳನ್ನು ಓಲೈಸಿದ ತಂದೆ ಆಜ್ಞೆ ಮಾಡಿದ ತಂದೆಯಾಗುತ್ತಾನೆ.

ಆಗುವಿಕೆಯ ‘ಗೆಟ್’ಗೆ ನಮ್ಮಲ್ಲಿ ‘ಆಗು’, ‘ಬರು’ ಇವೆ. ಇಲ್ಲೊಂದು ಸೂಕ್ಷ್ಮ. ಇಂಗ್ಲಿಷಿನಲ್ಲಿ ಬೇಸರ, ದಣಿವು, ಹಸಿವು, ಸಿಟ್ಟು, ಗುಣ ಇವಕ್ಕೆ ‘ಗೆಟ್’. ಕುರುಡು, ಹುಚ್ಚು, ಕೊಳೆಯುವುದು ಇವಕ್ಕೆ ‘ಗೋ’. ಬಂದು ಹೋಗುವ ಸ್ಥಿತಿಗೆ ಒಂದು, ಹೋದರೆ ಸುಲಭಕ್ಕೆ ಮರಳದ ಸ್ಥಿತಿಗೆ ಇನ್ನೊಂದು. ನಿಯಮ ಎಲ್ಲ ಕಡೆ ನಿಲ್ಲುವುದಿಲ್ಲ, ‘ಗೆಟ್ ಓಲ್ಡ್’ ಎನ್ನುತ್ತಾರಲ್ಲ. ಮುಪ್ಪು ಯಾವಾಗ ಮರಳಿದೆ? ಆದರೂ ಕನ್ನಡ ಇದೇ ದಿಕ್ಕಿನಲ್ಲಿ ಯೋಚಿಸುತ್ತದೆ: ಸಿಟ್ಟು ಬಂತು, ನಿದ್ದೆ ಬಂತು, ಕಣ್ಣು ಹೋಯಿತು, ಹಾಳಾಗಿ ಹೋಯಿತು. ಇನ್ನೊಂದು ಕಡೆ ಎರಡೂ ಬೇರೆಯಾಗುತ್ತವೆ. ಅವರು ‘ಇಟ್ಸ್ ಗೆಟಿಂಗ್ ಲೇಟ್’ ಎಂದು ತಡವನ್ನು ನಡೆಯುತ್ತಿರುವಂತೆ ಹೇಳುತ್ತಾರೆ, ನಾವು ‘ಹೊತ್ತಾಯ್ತು’ ಎಂದು ಮುಗಿಸಿಯೇ ಬಿಡುತ್ತೇವೆ. ‘ಹೊತ್ತಾಗುತ್ತಿದೆ’ ಎಂದು ಬರೆದರೆ ತಪ್ಪೇನಿಲ್ಲ, ಆದರೆ ಎದ್ದು ಹೊರಡುವವನ ಬಾಯಲ್ಲಿ ‘ಹೊತ್ತಾಯ್ತು, ಬರ್ತೀನಿ’ ಎಂಬುದೇ ಚೆನ್ನ.

‘ಐ ಹ್ಯಾವ್ ಗಾಟ್’ ಬಗ್ಗೆ ಎರಡೇ ಮಾತು. ಅಕ್ಷರಶಃ ಅದು ‘ಪಡೆದಿದ್ದೇನೆ’. ಪಡೆದಿದ್ದೇನೆಂದ ಮೇಲೆ ಈಗ ನನ್ನ ಹತ್ತಿರ ಇರಲೇಬೇಕಲ್ಲ. ಹಾಗೆ ಅದು ‘ಇದೆ’ ಆಗಿಬಿಟ್ಟಿತು. ಅಮೆರಿಕದವರು ಹಳೆಯ ‘ಗಾಟನ್’ ರೂಪವನ್ನು ಉಳಿಸಿಕೊಂಡಿದ್ದರಿಂದ ಅವರಿಗೆ ಒಂದು ಸೌಲಭ್ಯ: ‘ಹ್ಯಾವ್ ಗಾಟ್’ ಎಂದರೆ ಇದೆ, ‘ಹ್ಯಾವ್ ಗಾಟನ್’ ಎಂದರೆ ಸಿಕ್ಕಿದೆ. ಬ್ರಿಟನ್ನಿನವರು ಆ ರೂಪವನ್ನು ಬಹುಮಟ್ಟಿಗೆ ಬಿಟ್ಟರು, ಬಿಟ್ಟು ಈಗ ಅದು ಅಮೆರಿಕದ ಅಪಭ್ರಂಶವೆಂದು ಮೂಗು ಮುರಿಯುವವರೂ ಇದ್ದಾರೆ. ಆದರೆ ‘ಫರ್ಗಾಟನ್’ ಎನ್ನುವಾಗ, ‘ಇಲ್‌ಗಾಟನ್’ ಎನ್ನುವಾಗ ಅವರ ಬಾಯಲ್ಲೂ ಅದೇ ಬರುತ್ತದೆ.

‘ಗೆಟ್ ಅಪ್’, ‘ಗೆಟ್ ಬೈ’, ‘ಗೆಟ್ ಓವರ್’ ಇವುಗಳ ಪಟ್ಟಿ ಓದಿ ನಿಮ್ಮನ್ನು ದಣಿಸುವುದಿಲ್ಲ. ಅವುಗಳಲ್ಲಿ ‘ಗೆಟ್’ ಕೊಡುವುದು ದಾಟುವಿಕೆಯನ್ನಷ್ಟೇ, ದಾರಿ ತೋರಿಸುವುದು ಪಕ್ಕದ ಸಣ್ಣ ಪದ. ವಾಹನಗಳದೊಂದು ಸೊಗಸು ಹೇಳಿಬಿಡುತ್ತೇನೆ. ಬಸ್ಸು, ರೈಲು, ವಿಮಾನ, ಹಡಗುಗಳಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಕಾರಿಗೆ, ಪುಟ್ಟ ದೋಣಿಗೆ ‘ಗೆಟ್ ಇನ್’, ‘ಗೆಟ್ ಔಟ್’. ಎದ್ದು ನಿಂತು ಓಡಾಡುವಷ್ಟು ಜಾಗವಿದ್ದರೆ ಅದೊಂದು ಜಗಲಿ, ಬಗ್ಗಿ ನುಸುಳಬೇಕಾದರೆ ಅದೊಂದು ಡಬ್ಬಿ. ನಾವು ಎಲ್ಲವನ್ನೂ ಹತ್ತಿ ಇಳಿಯುತ್ತೇವೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಕಾಡುವುದು ‘ಗೆಟ್ ಅವೇ ವಿತ್’: ತಪ್ಪು ಮಾಡಿ, ಶಿಕ್ಷೆಯಾಗದೆ, ಮಾಡಿದ್ದನ್ನೂ ಉಳಿಸಿಕೊಂಡು ನಡೆದುಬಿಡುವುದು. ‘ತಪ್ಪಿಸಿಕೊಂಡ’ ಎಂದರೆ ಅರ್ಧ ಬಂತು. ‘ದಕ್ಕಿಸಿಕೊಂಡ’ ಎಂದು ನೋಡಿ, ನನಗೆ ಹಿಡಿಸಿದೆ.

ಮಾತು ಮುಗಿದ ಮೇಲೆ ಒಬ್ಬರು ಎದ್ದು ಕೇಳಿದರು: ‘ಇಷ್ಟೆಲ್ಲ ಹೇಳಿದಿರಿ. ಒಂದೇ ಒಂದು ಕನ್ನಡ ಪದ ಇಡಲೇಬೇಕು ಅಂದರೆ ಗೆಟ್‌ಗೆ ಯಾವುದನ್ನು ಇಡುತ್ತೀರಿ?’ ನಾನು ‘ಸಿಗು’ ಎನ್ನುತ್ತೇನೆಂದು ಅವರು ಎಣಿಸಿದ್ದರು. ನಾನು ಹೇಳಿದ್ದು ‘ಕೊಳ್ಳು’.

ಒಂಟಿಯಾಗಿ ನಿಂತರೆ ಅದು ದುಡ್ಡು ಕೊಟ್ಟು ತರುವುದು. ‘ಐ ಗಾಟ್ ಅ ನ್ಯೂ ಶರ್ಟ್’ ಎಂದಾಗಲೂ ಸಾಮಾನ್ಯವಾಗಿ ಅದೇ ಅರ್ಥ. ಇನ್ನೊಂದು ಕ್ರಿಯಾಪದದ ಬಾಲವಾದರೆ ಮಾಡಿದ ಕೆಲಸ ಮಾಡಿದವನ ಕಡೆಗೇ ತಿರುಗುತ್ತದೆ: ತಿಳಿದುಕೊಂಡೆ, ಹಾಕಿಕೊಂಡೆ, ಬೈಸಿಕೊಂಡೆ, ಕಟ್ಟಿಸಿಕೊಂಡೆ. ಗಳಿಕೆಯ ಪದವೊಂದು ಸವೆದು ಸವೆದು ವ್ಯಾಕರಣದ ಕೀಲಾದದ್ದು ಎರಡು ಭಾಷೆಯಲ್ಲೂ ನಡೆದಿದೆ, ಒಂದನ್ನೊಂದು ನೋಡದೆಯೇ. ಬಾಗಿಲ ಸಂದಿಗೆ ಬೆರಳು ಸಿಕ್ಕಿತೆಂದುಕೊಳ್ಳಿ. ಇಂಗ್ಲಿಷಿನವನು ‘ಐ ಗಾಟ್ ಮೈ ಫಿಂಗರ್ ಕಾಟ್’ ಎನ್ನುತ್ತಾನೆ, ಕನ್ನಡದವನು ‘ಬೆರಳು ಸಿಕ್ಕಿಸಿಕೊಂಡೆ’ ಎನ್ನುತ್ತಾನೆ. ಇಬ್ಬರೂ ಬೇಕೆಂದು ಮಾಡಿದ್ದಲ್ಲ, ಇಬ್ಬರೂ ಬೇಕೆಂದು ಮಾಡಿದಂತೆಯೇ ಹೇಳುತ್ತಾರೆ.

ಪ್ರಶ್ನೆ ಕೇಳಿದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೊತ್ತಾಯ್ತು’ ಎಂದರು. ಅಲ್ಲಿ ಮಾತ್ರ ‘ಕೊಳ್ಳು’ ಇರಲಿಲ್ಲ, ‘ನಾನು’ ಕೂಡ ಇರಲಿಲ್ಲ.